ಮೂರು ಚುಕ್ಕಿ, ಮೂರು ಸಾಲು

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಬೀಗದ ಕೈ ನನ್ನ ಬಳಿ ಇತ್ತು. ಮೊಬೈಲು, ಇಂಟರ್‌ನೆಟ್ಟುಗಳನ್ನು ಎಚ್ಚರಿಕೆಯಿಂದ ಬಳಸುವುದು ಹೇಗೆಂದು ಮಕ್ಕಳಿಗೆ ಕಲಿಸಲು ನನಗಿದ್ದ ಅರ್ಹತೆ ಅದೊಂದೇ. ನಾನು ಗಣಿತದವಳು. ಇಪ್ಪತ್ತೆರಡು ವರ್ಷ ಸೀಮೆಸುಣ್ಣ ಹಿಡಿದ ಕೈ ನನ್ನದು. ಮುಖ್ಯ ಶಿಕ್ಷಕರು, "ಹೆಂಗೂ ಆ ರೂಮು ನಿಮ್ದೇ ಅಲ್ವಾ ಮೇಡಂ, ತರಬೇತಿಗೂ ನೀವೇ ಹೋಗ್ಬನ್ನಿ" ಎಂದು ಹೇಳಿ ಕೈತೊಳೆದುಕೊಂಡರು. ಆ ಕೋಣೆಯಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು. ಎರಡು ನಡೆಯುತ್ತಿದ್ದವು, ಉಳಿದೆರಡರ ಮೇಲೆ ಭೂಪಟಗಳನ್ನು ಸುತ್ತಿ ಇಟ್ಟಿದ್ದೆವು.

ಶಾಲೆ ಇರುವುದು ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೋಗುವ ರಸ್ತೆಯಲ್ಲಿ. ನನ್ನ ಮನೆ ಶಿಕಾರಿಪುರದಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತೇನೆ. ನಮ್ಮ ಕಡೆಯ ಮಾತು ಸ್ವಲ್ಪ ಬಯಲುಸೀಮೆಗೆ ವಾಲಿದ್ದು. ಸಿಟ್ಟು ಬಂದಾಗ ಅದು ಇನ್ನೂ ವಾಲುತ್ತದೆ. ನಾನು "ಏನೈತಿ ಅದ್ರಾಗ?" ಎಂದು ಗದರಿದರೆ ಹಿಂದಿನ ಬೆಂಚಿನವರು "ಅದ್ರಾಗ, ಇದ್ರಾಗ" ಎಂದು ಮೆಲ್ಲಗೆ ಅಣಕಿಸುತ್ತಾರೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಮಕ್ಕಳಿಗೂ ಗೊತ್ತು, ಅವರ ಅಪ್ಪ ಅಮ್ಮಂದಿರಿಗೂ ಗೊತ್ತು. ಈ ಕತೆಯಲ್ಲಿ ಆ ಕೋಪಕ್ಕೂ ಒಂದು ಪಾಲಿದೆ.

ಶಿವಮೊಗ್ಗದಲ್ಲಿ ಎರಡು ದಿನ ತರಬೇತಿ ಮುಗಿಸಿ ಹತ್ತು ನಿಯಮಗಳ ಬಣ್ಣದ ಚಾರ್ಟೊಂದನ್ನು ಸುರುಳಿ ಮಾಡಿಕೊಂಡು ಬಂದೆ. ನಿನ್ನೆ ಕಲಿತದ್ದನ್ನು ಇವತ್ತು ಎರಡು ಪಟ್ಟು ಜೋರಾಗಿ ಕಲಿಸುವುದು ನನ್ನ ಹಳೆಯ ಚಾಳಿ. ಹತ್ತನೇ ತರಗತಿಯಲ್ಲಿ ಚಾರ್ಟು ತೂಗುಹಾಕಿ, ಬೆತ್ತದ ತುದಿಯಿಂದ ಮೂರನೇ ನಿಯಮ ತೋರಿಸಿದೆ. ಫೋನಿಗೆ ಬೀಗ ಹಾಕಬೇಕು, ಅದನ್ನು ತೆಗೆಯುವ ಗುಟ್ಟು ಯಾರಿಗೂ ಹೇಳಬಾರದು.

ಹಿಂದಿನಿಂದ ಯಾರೋ ಕೇಳಿದರು. "ಮೇಡಂ, ನಮ್ಮನೇಲಿ ಇರದು ಒಂದೇ ಫೋನು. ಬೀಗ ಹಾಕಿದ್ರೆ ಅಜ್ಜಿ ಹೆಂಗೆ ಮಾತಾಡದು?"

ತರಗತಿಯೆಲ್ಲ ನಕ್ಕಿತು. ನನಗೆ ರೇಗಿತು. "ಅಜ್ಜಿಗೆ ನೀನೇ ತೆಗೆದು ಕೊಡು. ಗುಟ್ಟು ಮಾತ್ರ ಮನೆಯವರಿಗೂ ಹೇಳಬೇಡ. ಯಾರಿಗೂ ಅಂದ್ರೆ ಯಾರಿಗೂ. ತಿಳೀತಿಲ್ಲೋ?" ಎಂದೆ. ಎಲ್ಲರೂ ತಿಳಿಯಿತೆಂದು ತಲೆಯಾಡಿಸಿದರು.

ತಿಳಿಯದೆ ಹೋದದ್ದು ನನಗೆ. ಆ ಮಕ್ಕಳ ಊರುಗಳಲ್ಲಿ ಬೆಳಿಗ್ಗೆ ತೆರೆದ ಮುಂಬಾಗಿಲು ದೀಪ ಹಚ್ಚಿದ ಮೇಲೂ ಎಷ್ಟೋ ಹೊತ್ತು ತೆರೆದೇ ಇರುತ್ತದೆ. ಹಗಲು ಹೊತ್ತಿನಲ್ಲಿ ಒಂದು ಮನೆಯ ಬಾಗಿಲು ಮುಚ್ಚಿದ್ದರೆ ಒಳಗೆ ಜಗಳ ನಡೆದಿದೆ ಅಂತಲೋ, ಮನೆಯವರು ಏನನ್ನೋ ಬಚ್ಚಿಡುತ್ತಿದ್ದಾರೆ ಅಂತಲೋ ಅರ್ಥ. ಒಬ್ಬೊಬ್ಬರಿಗೆ ಒಂದೊಂದು ಫೋನಿರುವ ಮನೆಗಳಿಗಾಗಿ ಯಾರೋ ಮಾಡಿದ ನಿಯಮವನ್ನು ನಾನು ತಂದು ಒಂದೇ ಫೋನಿನ ಮನೆಗಳಿಗೆ ಹಂಚಿದ್ದೆ.

ಅಷ್ಟಕ್ಕೂ ನಿಲ್ಲಲಿಲ್ಲ. ಪೋಷಕರಿಗೂ ದಿನಕ್ಕೊಂದು ಎಚ್ಚರಿಕೆಯ ಮಾತು ಕಳಿಸೋಣವೆಂದು ಮೊಬೈಲಿನಲ್ಲಿ ಒಂದು ಗ್ರೂಪು ಮಾಡಿದೆ. ಒಬ್ಬೊಬ್ಬರ ನಂಬರು ಸೇರಿಸುತ್ತ ಕೂರಲು ಬೇಸರವಾಗಿ, ಯಾರು ಬೇಕಾದರೂ ಒತ್ತಿ ಒಳಗೆ ಬರಬಹುದಾದ ಲಿಂಕನ್ನು ಎಲ್ಲರಿಗೂ ಕಾಣುವಂತೆ ಹಾಕಿದೆ. ಸಹೋದ್ಯೋಗಿಗಳು ಅದನ್ನು ಇನ್ನಷ್ಟು ಜನರಿಗೆ ಹಂಚಿದರು. ಎಂಟೇ ದಿನದಲ್ಲಿ ನನ್ನ ಗ್ರೂಪು ಸಂತೆಯಾಯಿತು. ಅಷ್ಟು ಜನ ಸೇರಿದ್ದು ನೋಡಿ ನಾನು ಹಿಗ್ಗಿದೆ. ಅದರಲ್ಲಿ ಯಾರು ಪೋಷಕರು, ಯಾರು ಅಲ್ಲ ಎಂದು ಒಂದು ದಿನವೂ ನೋಡಲಿಲ್ಲ.

ಕಿಟಕಿ ಪಕ್ಕದ ಮೊದಲ ಬೆಂಚಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಲೆಕ್ಕವನ್ನು ಎಲ್ಲರಿಗಿಂತ ಮೊದಲು ಬಿಡಿಸುತ್ತಿದ್ದಳು. ಆದರೆ ಪಕ್ಕದವಳದ್ದೂ ಮುಗಿಯುವವರೆಗೆ ಕೈ ಎತ್ತುತ್ತಿರಲಿಲ್ಲ, ಪುಸ್ತಕದ ಮೇಲೆ ಅಂಗೈ ಮುಚ್ಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಅವಳಿಗೆ ಸೊರಬದ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನ ಓದಬೇಕೆಂಬ ಆಸೆ. ಆ ಅರ್ಜಿ ಯಾವಾಗ ಬರುತ್ತದೆಂದು ಜೂನ್ ತಿಂಗಳಲ್ಲೇ ನನ್ನನ್ನು ಕೇಳಿದ್ದಳು.

ಅವಳ ತಾಯಿ ನಮ್ಮ ಶಾಲೆಯಲ್ಲಿ ಬಿಸಿಯೂಟ ಅಡುಗೆ ಮಾಡುವವರು. ಎರಡನೇ ತರಗತಿಗೇ ಶಾಲೆ ಬಿಟ್ಟವರು. ಸಹಿ ಹಾಕುತ್ತಾರೆ, ಓದಲು ಬರುವುದಿಲ್ಲ. ಹಳೆಯ ರವಿಕೆ ಬಟ್ಟೆಯಲ್ಲಿ ತಾವೇ ಹೊಲಿದ ಪುಟ್ಟ ಚೀಲದಲ್ಲಿ ಫೋನಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಬೆಳಿಗ್ಗೆ ನಾನು ಅಡುಗೆ ಕೋಣೆ ದಾಟುವಾಗ ಕರೆದು ತೋರಿಸುತ್ತಿದ್ದರು. "ನೋಡ್ರಿ ಅಕ್ಕೋರೆ, ಇವತ್ತು ಎಷ್ಟ್ ಚೆಂದ ಗುಲಾಬಿ ಕಳ್ಸಿದಾರೆ." ಹಾಗೆ ಹೇಳುತ್ತಲೇ ಎರಡು ಕೈ ಮುಗಿದ ಚಿತ್ರವನ್ನು ಹುಡುಕಿ ಒತ್ತುತ್ತಿದ್ದರು.

"ಎಲ್ರಿಗೂ ಕೈ ಮುಗೀತೀರಲ್ರಿ, ನಿಮ್ಮ ಕೈ ನೋಯಲ್ವಾ?" ಎಂದು ನಾನೊಮ್ಮೆ ಚುಡಾಯಿಸಿದ್ದೆ.

"ನಮಸ್ಕಾರ ಅಂದೋರಿಗೆ ನಮಸ್ಕಾರ ಅನ್ದೆ ಇರದು ಹೆಂಗ್ರಿ?" ಎಂದು ಅವರು ಬೆರಗಿನಿಂದ ಕೇಳಿದ್ದರು. ಗುಲಾಬಿ ಕಳಿಸಿದವರು ಯಾರೆಂದು ನಾನು ಕೇಳಲಿಲ್ಲ. ನಕ್ಕು ಮುಂದೆ ಹೋದೆ.

ದೀಪಾವಳಿ ರಜೆ ಮುಗಿದು ಶಾಲೆ ತೆರೆದ ಮೇಲೆ ಹುಳಿಯಲ್ಲಿ ಉಪ್ಪು ತಪ್ಪತೊಡಗಿತು. ಒಂದು ದಿನ ಉಪ್ಪೇ ಇಲ್ಲ, ಮರುದಿನ ಬಾಯಿಗಿಡುವ ಹಾಗಿಲ್ಲ. ಅಡುಗೆಯವರ ಸೊಂಟದಲ್ಲಿ ಚೀಲವಿರಲಿಲ್ಲ. ಹುಡುಗಿ ಲೆಕ್ಕ ಬಿಡಿಸುತ್ತಿದ್ದಳು, ಆದರೆ ಪಕ್ಕದವಳದ್ದು ಮುಗಿದ ಮೇಲೂ ಕೈ ಎತ್ತುತ್ತಿರಲಿಲ್ಲ. ಆಮೇಲೆ ಮೂರು ದಿನ ಶಾಲೆಗೇ ಬರಲಿಲ್ಲ. ನಾಲ್ಕನೇ ದಿನ ಅವಳ ಅಪ್ಪ ಅವಳನ್ನು ಮುಂದಿಟ್ಟುಕೊಂಡು ಸ್ಟಾಫ್ ರೂಮಿಗೆ ಬಂದರು.

ಎತ್ತರದ, ಮಾತು ಕಡಿಮೆಯ ಮನುಷ್ಯ. ಶುಂಠಿ, ಭತ್ತ ಬೆಳೆಯುವವರು. ಹೆಂಡತಿಯ ಫೋನನ್ನು ನನ್ನ ಮೇಜಿನ ಮೇಲಿಟ್ಟರು.

"ಇದ್ನ ತೆಗಿಸ್ರಿ ಮೇಡಂ. ಬೀಗ ಹಾಕಿ ಹದ್ನೈದು ದಿನ ಆತು. ಅವ್ರವ್ವಂಗೆ ಯಾರಿಗಾರೂ ಮಾತಾಡ್ಬೇಕಂದ್ರೆ ಇವ್ಳೇ ತೆಗ್ದು ಕೊಟ್ಟು, ಎದ್ರಿಗೇ ನಿಂತ್ಕಂಡು, ಮತ್ತೆ ಮುಚ್ತಾಳೆ. ನಾನ್ ಕೇಳಿದ್ರೆ ಬಾಯಿ ಬಿಡಲ್ಲ. ಬೆಂಕಿ ಇಲ್ದೆ ಹೊಗೆ ಆಡ್ತದೇನ್ರಿ? ಹೇಳಿದ್ದು ಒಂದೇ ಮಾತು, ಮೇಡಂ ಹೇಳ್ಕೊಟ್ಟಿದ್ದು ಅಂತ."

ಸ್ಟಾಫ್ ರೂಮಿನಲ್ಲಿದ್ದ ಎಲ್ಲರೂ ನನ್ನ ಕಡೆ ನೋಡಿದರು.

"ಹೆಣ್ಮಕ್ಕಳು ಓದ್ಲಿ ಅಂತ್ಲೇ ನಾನೂ ಅಂದ್ಕಂಡಿದ್ದೆ," ಎಂದು ಅವರು ಮುಂದುವರಿಸಿದರು. "ಇಲ್ಲೇ ಹಿಂಗಾದ್ರೆ ಸೊರಬಕ್ಕೆ ಹೆಂಗ್ ಕಳ್ಸದು? ಪರೀಕ್ಷೆ ಒಂದ್ ಬರೀಲಿ. ಆಮೇಲೆ ಕಾಲೇಜು ಗೀಲೇಜು ಎಂತದೂ ಬ್ಯಾಡ."

ಆಗ ನಾನು ಮಾಡಬೇಕಾಗಿದ್ದದ್ದು ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳುವುದು. ಮಾಡಿದ್ದು ಬೇರೆ. ಎಲ್ಲರೆದುರು ನನ್ನ ಪಾಠ ತಪ್ಪೆಂದು ಸಾಬೀತಾಗುತ್ತಿದೆ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. "ತೆಗೀತೀಯೋ ಇಲ್ಲೋ? ಒಳ್ಳೇದಕ್ಕೆ ಅಂತ ಕಲಿಸಿದ್ರೆ ಕಳ್ಳತನಕ್ಕೆ ಬಳಸ್ತೀಯಾ? ಏನೈತಿ ಅದ್ರಾಗ?" ಎಂದು ಕೂಗಿದೆ. ಹುಡುಗಿ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಅಳಲಿಲ್ಲ. ನನ್ನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನೀವೂನಾ ಎಂದು ಕೇಳಿದ ಹಾಗಿತ್ತು.

ಅಪ್ಪ ಎದ್ದು ಹೊರಟರು. "ಫೋನು ನಿಮ್ ಹತ್ರನೇ ಇರ್ಲಿ. ಬೀಗ ಹಾಕದು ಕಲ್ಸಿದೋರು ನೀವು, ತೆಗ್ಸೋರೂ ನೀವೇ." ಮಾತು ಮೆತ್ತಗೇ ಇತ್ತು, ಆದರೆ ತಾಗಿತು.

ಮರುದಿನ ಊಟದ ಬಿಡುವಿನಲ್ಲಿ ನಾನು ಕಂಪ್ಯೂಟರ್ ಕೋಣೆಯಲ್ಲಿ ಒಬ್ಬಳೇ ಕೂತಿದ್ದೆ. ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಮೇಡಂ, ನೀವು ಯಾರಿಗೂ ಹೇಳಲ್ಲ ಅಂದ್ರೆ ತೆಗೀತೀನಿ."

ಮಕ್ಕಳಿಗೆ ಅಂಥ ಮಾತು ಕೊಡಬಾರದೆಂದು ತರಬೇತಿಯಲ್ಲಿ ಹೇಳಿದ್ದರು. ನನಗೆ ಚೆನ್ನಾಗಿ ನೆನಪಿತ್ತು. ಆದರೂ "ಇಲ್ಲ ಕಣೇ, ಹೇಳಲ್ಲ" ಎಂದೆ. ಹಿಂದಿನ ದಿನ ಕೂಗಾಡಿದ ಬಾಯಿಯಿಂದ ಬೇರೆ ಏನನ್ನು ಹೇಳಲೂ ನನಗೆ ಮುಖವಿರಲಿಲ್ಲ.

ಅವಳು ಒಳಗೆ ಬಂದು ಫೋನು ತೆಗೆದುಕೊಂಡು ಪರದೆಯ ಮೇಲಿನ ಚುಕ್ಕಿಗಳ ನಡುವೆ ಬೆರಳು ಎಳೆದಳು. ಬೀಗ ತೆರೆಯಿತು. ಒಂದು ನಂಬರನ್ನು ಒತ್ತಿ ನನ್ನ ಮುಂದೆ ಹಿಡಿದಳು. ಅದಕ್ಕೆ ಹೆಸರಿರಲಿಲ್ಲ.

ಮೇಲಿನಿಂದ ಓದುತ್ತ ಬಂದೆ. ಮೊದಲು ಒಂದು ಗುಲಾಬಿ, ಶುಭೋದಯ. ಕೆಳಗೆ ಮುಗಿದ ಕೈಗಳು. ಮರುದಿನ ಸೂರ್ಯಕಾಂತಿ, ಶುಭೋದಯ. ಕೆಳಗೆ ಮುಗಿದ ಕೈಗಳು, ಜೊತೆಗೊಂದು ದಾಸವಾಳ. ಹೀಗೆ ಎಂಟು ಹತ್ತು ದಿನ. ಆಮೇಲೆ ಹೂವಿನ ಕೆಳಗೆ ಅಕ್ಷರಗಳು ಶುರುವಾಗಿದ್ದವು. ನೀವು ದಿನಾ ಉತ್ತರ ಕೊಡುತ್ತೀರಿ, ನನ್ನ ಮೇಲೆ ಮನಸ್ಸಿದೆ ಅಲ್ಲವೇ. ಕೆಳಗೆ ಮುಗಿದ ಕೈಗಳು. ನಿಮ್ಮದೊಂದು ಫೋಟೋ ಕಳಿಸಿ. ಮುಗಿದ ಕೈಗಳು. ಗಂಡ ಮನೆಯಲ್ಲಿ ಇಲ್ಲದಾಗ ಹೇಳಿ. ಮುಗಿದ ಕೈಗಳು, ಒಂದು ದಾಸವಾಳ. ಅದರ ಕೆಳಗಿನ ಕೆಲವು ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ಕೊನೆಗೆ ದಾಸವಾಳ ನಿಂತಿತ್ತು, ಉತ್ತರವೂ ನಿಂತಿತ್ತು. ಅವನು ಮಾತ್ರ ಬರೆಯುತ್ತಲೇ ಇದ್ದ. ಯಾಕೆ ಸುಮ್ಮನಾದೆ, ನೀನು ಕಳಿಸಿದ್ದನ್ನೆಲ್ಲ ನಿನ್ನ ಗಂಡನಿಗೆ ತೋರಿಸುತ್ತೇನೆ, ಅವನ ನಂಬರೂ ಅದೇ ಗ್ರೂಪಿನಲ್ಲಿದೆ ಎಂದಿದ್ದ.

ಹುಡುಗಿ ಬೀಗ ಹಾಕಿದ್ದು ದಾಸವಾಳ ನಿಂತ ದಿನ.

"ಅಳಿಸಿ ಹಾಕಬಾರದಿತ್ತೇನೆ?" ಎಂದೆ.

"ಸಾಕ್ಷಿ ಅಳಿಸ್ಬಾರ್ದು ಅಂತ ನೀವೇ ಹೇಳಿದ್ರಲ್ಲ ಮೇಡಂ. ಏಳನೇ ನಿಯಮ."

"ದೊಡ್ಡವರಿಗೆ ಹೇಳಬೇಕು ಅಂತಲೂ ಹೇಳಿದ್ದೆನಲ್ಲ."

ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಆಮೇಲೆ ಹೇಳಿದಳು. "ಅವ್ವಂಗೆ ಓದಕ್ಕೆ ಬರಲ್ಲ ಮೇಡಂ. ಅಪ್ಪಂಗೆ ಬರ್ತದೆ."

ನನಗೆ ಅಳು ಬಂತು. ಮರೆಮಾಡಲಿಲ್ಲ. ಹದಿನೈದು ದಿನ ಆ ಮಗು ಎಲ್ಲವನ್ನೂ ಓದಿಕೊಂಡು, ತನ್ನ ತಾಯಿಯ ಮುಗಿದ ಕೈಗಳನ್ನು ಯಾರೂ ತಪ್ಪು ತಿಳಿಯಬಾರದೆಂದು, ಕೆಟ್ಟವಳೆಂಬ ಹೆಸರನ್ನು ತಾನೇ ಹೊತ್ತುಕೊಂಡಿತ್ತು. ಓದಿನ ಮೇಲಿನ ಆಸೆಯನ್ನೂ ಬಿಡಲು ತಯಾರಾಗಿತ್ತು. ಅವಳನ್ನು ನಾನು ಕಳ್ಳಿ ಎಂದಿದ್ದೆ. ಅವಳು ಗಾಬರಿಯಾಗಿ ತನ್ನ ಕರ್ಚೀಫು ಕೊಟ್ಟಳು.

ಆ ನಂಬರು ಯಾವ ಗ್ರೂಪಿನಿಂದ ಬಂದದ್ದೆಂದು ನೋಡಿದೆ. ನನ್ನದೇ. ಎಚ್ಚರಿಕೆ ಹೇಳಲೆಂದು ನಾನು ಮಾಡಿ, ಎಲ್ಲರಿಗೂ ಬಾಗಿಲು ತೆರೆದಿಟ್ಟಿದ್ದ ಗ್ರೂಪು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತನ್ನು ನಾನು ಎಷ್ಟೋ ಸಲ ಬೇರೆಯವರ ಬಗ್ಗೆ ಆಡಿದ್ದೆ. ಅಂದು ಬೇಲಿ ಹಾಕಿದವಳು ನಾನೇ ಆಗಿದ್ದೆ. ಅಲ್ಲೇ ಕೂತು ಅವನ ಬರಹಗಳ ಚಿತ್ರ ತೆಗೆದಿಟ್ಟುಕೊಂಡೆ, ನಂಬರನ್ನು ತಡೆದೆ, ಗ್ರೂಪಿನ ಬಾಗಿಲು ಮುಚ್ಚಿದೆ.

ಆದರೆ ಕೊಟ್ಟ ಮಾತು ಉಳಿಯಿತು. ಅಪ್ಪನಿಗೆ ಹೇಳಿದರೆ ಮಾತು ಮುರಿದ ಹಾಗೆ, ಹೇಳದಿದ್ದರೆ ಹುಡುಗಿಯ ಕಾಲೇಜು ಮುಗಿದ ಹಾಗೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೊನೆಗೆ ಅವಳಿಗೇ ಹೇಳಿದೆ. "ನಾನು ಹೇಳಲ್ಲ. ಆದರೆ ಫೋನು ನಿಮ್ಮವ್ವಂದು. ಅವರ ಮಾತು ಅವರಿಗೇ ಗೊತ್ತಿಲ್ಲದೆ ನಾವಿಬ್ಬರು ಇಟ್ಟುಕೊಳ್ಳೋದು ಸರಿಯಲ್ಲ. ಅವರಿಗೆ ನೀನು ಹೇಳು. ನಾನು ಪಕ್ಕದಲ್ಲಿ ಇರ್ತೀನಿ."

ಅಡುಗೆ ಕೋಣೆಯಲ್ಲಿ ತಾಯಿ ದೊಡ್ಡ ಪಾತ್ರೆ ಬೋರಲು ಹಾಕಿಕೊಂಡು ತಿಕ್ಕುತ್ತಿದ್ದರು. ಹುಡುಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೇ, ಬಹಳ ಮೆತ್ತಗೆ ಹೇಳಿದಳು. ಎಲ್ಲವನ್ನೂ ಓದಲಿಲ್ಲ. ಕೇಳುತ್ತ ಕೇಳುತ್ತ ತಾಯಿಯ ಕೈ ನಿಂತಿತು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ, ಏಕೆಂದರೆ ಗ್ರೂಪು ನನ್ನದೆಂದು ಮೊದಲೇ ಹೇಳಿಬಿಟ್ಟಿದ್ದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಬೂದಿ ಕೈಯಲ್ಲೇ ಮಗಳ ಗಲ್ಲ ಹಿಡಿದರು.

"ಅವತ್ತು ಅಪ್ಪ ಅಷ್ಟು ಬಯ್ವಾಗ ನೀನು ಸುಮ್ನಿದ್ದಿದ್ದು ಇದ್ಕೇನೇ? ನಾನೂ ಬೈದ್ನಲ್ಲೇ ನಿಂಗೆ."

"ಇರ್ಲಿ ಬಿಡವ್ವ."

"ಎಂತ ಇರ್ಲಿ? ಇವತ್ತೇ ನಾನೇ ಹೇಳ್ತೀನಿ ನಿಮ್ಮಪ್ಪಂಗೆ. ನಾನೇನ್ ತಪ್ ಮಾಡೀನಿ? ಅಕ್ಕೋರೆ, ನೀವೂ ಬರ್ರಿ." ಹೇಳುತ್ತಲೇ ಸೆರಗು ಸೊಂಟಕ್ಕೆ ಬಿಗಿದುಕೊಂಡರು.

ಸಂಜೆ ಮೂವರೂ ಒಟ್ಟಿಗೆ ಅವರ ಮನೆಗೆ ನಡೆದೆವು. ಅಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ಅವರ ತಾಯಿ, ಮನೆಯ ಅಜ್ಜಿ, ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಹೆಂಡತಿ ಫೋನನ್ನು ಗಂಡನ ಮುಂದೆ ಚಾಪೆಯ ಮೇಲಿಟ್ಟು, ನಿಂತೇ ಹೇಳಿದರು. "ಓದ್ರಿ. ದಿನಾ ಹೂವ ಕಳ್ಸಿದ, ನಾನು ಕೈ ಮುಗ್ದೆ. ಅವ್ನು ಯಾರು ಅಂತ ನಂಗೊತ್ತಿಲ್ಲ. ಏನ್ ಬರ್ದಾನೆ ಅಂತ್ಲೂ ಗೊತ್ತಿರ್ಲಿಲ್ಲ. ಇವ್ಳು ಓದಿ, ನಿಮಗ್ ಕಂಡ್ರೆ ನನ್ ಮೇಲೆ ಅನುಮಾನ ಪಡ್ತೀರಿ ಅಂತ ಬೀಗ ಹಾಕಿದ್ಲು."

ಅವರು ಓದಿದರು. ಬಹಳ ಹೊತ್ತು ಓದಿದರು. ಕೊಟ್ಟಿಗೆಯಲ್ಲಿ ಕರು ಕೂಗುತ್ತಿತ್ತು, ಯಾರೂ ಏಳಲಿಲ್ಲ. ಹುಡುಗಿ ನನ್ನ ಸೀರೆಯ ನೆರಿಗೆಯನ್ನು ಹಿಡಿದುಕೊಂಡಿದ್ದಳು, ತನಗೇ ಗೊತ್ತಿಲ್ಲದ ಹಾಗೆ.

ಅಜ್ಜಿಗೆ ಮಾತ್ರ ತಡೆಯಲಾಗಲಿಲ್ಲ. "ನಮಸ್ಕಾರ ಅಂದೋರಿಗೆ ನಮಸ್ಕಾರ ಅಂದ್ರೆ ತಪ್ಪೇನಾ?"

ಅಪ್ಪ ಅಂಗಿ ಜೇಬಿನಿಂದ ತಮ್ಮ ಫೋನು ತೆಗೆದು ಏನೋ ಹುಡುಕಿದರು. ಆಮೇಲೆ ಅದನ್ನು ಹೆಂಡತಿಯ ಫೋನಿನ ಪಕ್ಕದಲ್ಲೇ ಚಾಪೆಯ ಮೇಲಿಟ್ಟರು. ನಾನು ಬಗ್ಗಿ ನೋಡಿದೆ. ಅದೇ ನಂಬರು, ಅದೇ ಗುಲಾಬಿ, ಶುಭೋದಯ. ಕೆಳಗೆ ಮುಗಿದ ಕೈಗಳು. ಅವನು ಗ್ರೂಪಿನಲ್ಲಿದ್ದ ಎಲ್ಲರಿಗೂ ಹೂವೆಸೆದು, ಯಾರು ತಿರುಗಿ ನೋಡುತ್ತಾರೆಂದು ಕಾದಿದ್ದ.

"ನಂಗೂ ಕಳ್ಸಿದ್ದ," ಎಂದರು ಅಪ್ಪ. "ನಾನೂ ಕೈ ಮುಗ್ದೀನಿ."

ಮೊದಲು ನಕ್ಕದ್ದು ಅಜ್ಜಿ. "ಗಂಡ ಹೆಂಡ್ತಿ ಇಬ್ರೂ ಸೇರಿ ಪೂಜೆ ಮಾಡೀರಿ ಹಂಗಾದ್ರೆ!" ಎಂದು ಬಾಯಿಯ ಎಲೆ ಅಡಿಕೆ ಸಿಡಿಯುವಷ್ಟು ನಕ್ಕರು. ತಾಯಿ ನಗುತ್ತ ಅತ್ತರು. ಅಪ್ಪ ನಗಲಿಲ್ಲ. ಮಗಳ ಕಡೆ ತಿರುಗಿ, "ನಾನು ಅವ್ವನ್ನ ಬಯ್ತೀನಿ ಅಂತ ಹೆದ್ರಿದ್ಯಾ?" ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಆ ಮನುಷ್ಯನ ಮುಖವನ್ನು ನನಗೆ ನೋಡಲಾಗಲಿಲ್ಲ. ಎದ್ದು ಹೋಗಿ ಕರುವನ್ನು ಬಿಟ್ಟು ಬಂದರು. ಬಂದವರು ಮಗಳಿಗೆ, "ಸೊರಬದ ಅರ್ಜಿ ಬಂದಾಗ ಹೇಳು, ನಾನೇ ಬರ್ತೀನಿ" ಎಂದಷ್ಟೇ ಹೇಳಿ ಮತ್ತೆ ಹಗ್ಗ ಹಿಡಿದು ಕೂತರು.

ನನ್ನದೊಂದು ಬಾಕಿ ಇತ್ತು. ನಮ್ಮ ಕಡೆ ಮೇಷ್ಟ್ರು ಮಕ್ಕಳ ಹತ್ತಿರ ತಪ್ಪಾಯಿತು ಎನ್ನುವ ರೂಢಿಯಿಲ್ಲ. ಹೇಗೆ ಹೇಳಬೇಕೆಂದೂ ನನಗೆ ಗೊತ್ತಿರಲಿಲ್ಲ. "ನಿನ್ನೆ ನಾನು ಅಂದದ್ದು ತಪ್ಪು. ನಿನ್ನನ್ನು ಕೇಳದೆ ಅಂದೆ" ಎಂದು ಅವಳಿಗೆ ಎಲ್ಲರ ಎದುರು ಹೇಳಿದೆ, ಎಲ್ಲರ ಎದುರು ಬೈದಿದ್ದೆನಲ್ಲ, ಅದಕ್ಕೆ. ಅವಳು ನಾಚಿ ಒಳಗೆ ಓಡಿದಳು. ಅಜ್ಜಿ ನನಗೆ ಅವಲಕ್ಕಿ ತಿನ್ನಿಸದೆ ಬಿಡಲಿಲ್ಲ. ಮರುದಿನ ಹುಡುಗಿಯ ಅಪ್ಪ ಮತ್ತು ನಾನು ಪೊಲೀಸ್ ಠಾಣೆಗೆ ಹೋಗಿ ದೂರು ಬರೆದು ಕೊಟ್ಟು ಬಂದೆವು.

ಚಾರ್ಟಿನ ಮೂರನೇ ನಿಯಮದ ಮೇಲೆ ಬಿಳಿ ಕಾಗದ ಅಂಟಿಸಿ ನನ್ನ ಕೈಬರಹದಲ್ಲಿ ಬೇರೆ ಬರೆದೆ. ಫೋನಿಗೆ ಬೀಗ ಇರಲಿ. ಮನೆಯಲ್ಲಿ ನಂಬುವ ಒಬ್ಬ ದೊಡ್ಡವರಿಗೆ ಅದರ ಗುಟ್ಟು ಗೊತ್ತಿರಲಿ. ಹೆದರಿಕೆಯಾದರೆ, ಬೈಯುವುದಕ್ಕೆ ಮೊದಲು ಕೇಳಿಸಿಕೊಳ್ಳುವವರಿಗೆ ಹೇಳಿ. ಆ ಕೊನೆಯ ಸಾಲು ಮಕ್ಕಳಿಗಿಂತ ಹೆಚ್ಚಾಗಿ ನನಗಾಗಿ ಬರೆದದ್ದು. ಈಗಲೂ ಸಿಟ್ಟು ಬಂದಾಗ ಅತ್ತ ನೋಡುತ್ತೇನೆ. ಎಲ್ಲ ಸಲವೂ ನೆರವಾಗುವುದಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ತಾಯಂದಿರಿಗೂ ಪಾಠ ಶುರುಮಾಡಿದೆವು. ಕಲಿಸುವವರು ಮಕ್ಕಳೇ. ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರಬೇಕೆಂಬುದು ಷರತ್ತು. ಗುರುತಿಲ್ಲದ ನಂಬರಿಗೆ ಕೈ ಮುಗಿಯಬೇಡಿ ಎಂದಾಗ ತಾಯಂದಿರು ಯಾರೂ ಒಪ್ಪಲಿಲ್ಲ, ಅದು ಸೊಕ್ಕಾಗುತ್ತದೆ ಎಂದರು. ಸೊಸೆಯ ಜೊತೆ ಬಂದಿದ್ದ ಅಜ್ಜಿಯೇ ಒಪ್ಪಿಸಿದ್ದು. "ಕತ್ಲೆ ಹೊತ್ತಲ್ಲಿ ಬಾಗ್ಲಲ್ಲಿ ಯಾರೋ ಕೂಗಿದ್ರೆ ಒಂದೇ ಕೂಗಿಗೆ ಓ ಅಂತೀರೇನ್ರೇ? ಮೂರ್ ಸಲ ಕೂಗ್ಲಿ, ದನಿ ಗುರ್ತು ಸಿಗ್ಲಿ ಅಂತ ಕಾಯಲ್ವಾ? ಇದೂ ಹಂಗೇ." ಅಷ್ಟಾದ ಮೇಲೆ ಯಾರೂ ಎದುರಾಡಲಿಲ್ಲ. ಎರಡು ದಿನದ ತರಬೇತಿಯಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಬೀಗದ ಪಾಠ. ಅಂಕಿ, ಅಕ್ಷರ ಅಂದಕೂಡಲೇ ಅಡುಗೆಯವರು ಕೈ ಹಿಂದಕ್ಕೆಳೆದುಕೊಂಡರು. ಮಗಳು ಪರದೆಯ ಮೇಲಿನ ಒಂಬತ್ತು ಚುಕ್ಕಿಗಳನ್ನು ತೋರಿಸಿ ಹೇಳಿದಳು. "ಅವ್ವಾ, ಮೂರು ಚುಕ್ಕಿ, ಮೂರು ಸಾಲು ಅಷ್ಟೇ. ಕೈ ಎತ್ತದಂಗೆ ಒಂದೇ ಎಳೆ ಎಳಿ. ಬಳಸಿದ್ ಚುಕ್ಕಿ ಮತ್ತೆ ಮುಟ್ಬಾರ್ದು."

"ಇಷ್ಟೇನಾ?" ಎಂದು ತಾಯಿ ಒಂದು ಎಳೆ ಎಳೆದರು. ಇನ್ನೊಂದು ಎಳೆದರು. ಆ ಒಂಬತ್ತು ಚುಕ್ಕಿಗಳಲ್ಲಿ ಎಷ್ಟು ಬಗೆಯಾಗಿ ಹೋಗಬಹುದೆಂದು ಗಣಿತದವಳಾದ ನಾನು ಯೋಚಿಸುತ್ತಿರುವಾಗಲೇ ಅವರು ಆರೇಳನ್ನು ಮಾಡಿ ಮುಗಿಸಿದ್ದರು. ಅದರಲ್ಲಿ ಒಂದನ್ನು ಆರಿಸಿ ಬೀಗ ಮಾಡಿಕೊಂಡರು. ಓದಲು ಬಾರದ ಅವರ ಫೋನಿಗೆ ಅವರದೇ ಬೀಗ. ಮಗಳು ಅಲ್ಲಿಯವರೆಗೆ ಹಾಕಿದ್ದ ಬೀಗವನ್ನು ತೆಗೆದಳು. ಅವಳ ಹೆಗಲು ಇಳಿದದ್ದು ನಾನು ಕೂತಲ್ಲಿಗೇ ಕಂಡಿತು.

ನಡುನಡುವೆ ಬೀಗ ಬದಲಾಯಿಸಬೇಕು ಎಂದೂ ಹೇಳಿಕೊಟ್ಟೆವು. ಅದಾಗಿ ಸುಮಾರು ಒಂದು ತಿಂಗಳಿಗೆ, ಒಂದು ಬೆಳಿಗ್ಗೆ ಬಸ್ಸು ಅವರ ಮನೆಯ ಮುಂದೆ ನಿಧಾನವಾದಾಗ ಕಿಟಕಿಯಿಂದ ನೋಡಿದೆ. ಸಾರಿಸಿದ ಅಂಗಳದಲ್ಲಿ ಹೊಸ್ತಿಲ ಮುಂದೆ ಒಂದು ಪುಟ್ಟ ರಂಗೋಲಿ. ಮೂರು ಚುಕ್ಕಿ, ಮೂರು ಸಾಲು. ಅದರ ನಡುವೆ ಕೈ ಎತ್ತದೆ ಎಳೆದ ಒಂದೇ ಎಳೆ. ಆ ಎಳೆಯನ್ನು ಶನಿವಾರದ ಪಾಠದಲ್ಲಿ ನೋಡಿದ್ದೆ. ಅಲ್ಲೇ ಬಸ್ಸು ನಿಲ್ಲಿಸಿ ಇಳಿದೆ.

"ಏನ್ರೀ ಇದು! ಫೋನಿನ ಬೀಗ ತಂದು ಊರೆಲ್ಲ ನೋಡೋ ಹಾಗೆ ಅಂಗಳದಲ್ಲಿ ಬರೆದಿದ್ದೀರಲ್ರೀ!"

ಅವರು ಪೊರಕೆ ಹಿಡಿದು ನಿಂತಿದ್ದರು, ನಗುತ್ತ. "ಮರ್ತೋದ್ರೆ ನೋಡ್ಕಳಾಕೆ ಅಕ್ಕೋರೆ. ಮನೇಲಿ ನಂಬೋರಿಗೆ ಗೊತ್ತ್ ಇರ್ಲಿ ಅಂತ ನೀವೇ ಹೇಳಿದ್ರಲ್ಲ. ಇವ್ರಿಗೂ ಕಂಡ್ತು, ಅತ್ತೆಗೂ ಕಂಡ್ತು. ನಮ್ಮನೆ ಬಾಗ್ಲಿಗೆ ಬಂದು ಹೋಗೋರೆಲ್ಲ ನಮ್ಮೋರೇ. ಬಾಗ್ಲಿಗೆ ಬರ್ದಂಗೆ ಫೋನಿನೊಳಗ್ ಬರ್ತಾರಲ್ಲ, ಅವ್ರಿಗಷ್ಟೇ ಬೀಗ."

ಉತ್ತರಕ್ಕೆಂದು ಬಾಯಿ ತೆರೆದೆ. ಇಪ್ಪತ್ತೆರಡು ವರ್ಷದ ಅಭ್ಯಾಸ, ತಪ್ಪು ಕಂಡರೆ ಬಾಯಿ ತಾನಾಗಿ ತೆರೆಯುತ್ತದೆ. ಅಷ್ಟರಲ್ಲಿ ತಾಯಿಯ ಬೆನ್ನ ಹಿಂದೆ, ಬಾಗಿಲ ಸಂದಿಯಲ್ಲಿ ಹುಡುಗಿ ಕಂಡಳು. ಶಾಲೆಗೆ ಹೊರಟು ಒಂದು ಜಡೆ ಹೆಣೆದಿದ್ದಳು, ಇನ್ನೊಂದು ಬಿಚ್ಚಿತ್ತು. ತುಟಿಯ ಮೇಲೆ ಬೆರಳಿಟ್ಟು, ಹೇಳಬೇಡಿ ಮೇಡಂ ಎಂದು ಕಣ್ಣಲ್ಲೇ ಬೇಡಿಕೊಂಡಳು. ಅವ್ವನಿಗಾಗಿ ಹದಿನೈದು ದಿನ ಬಾಯಿ ಮುಚ್ಚಿಕೊಂಡಿದ್ದವಳು ಅವಳು. ಈಗ ನಗುತ್ತಿದ್ದಳು. ನಾನು ಬಾಯಿ ಮುಚ್ಚಿದೆ.

ಅವಳೀಗ ಸೊರಬದಲ್ಲಿ ಪಿಯುಸಿ ಓದುತ್ತಿದ್ದಾಳೆ. ಬೆಳಿಗ್ಗೆ ನನ್ನ ಬಸ್ಸು ಆ ಮನೆಯ ಮುಂದೆ ಹಾಯುವ ಹೊತ್ತಿಗೆ ಅವಳು ನಿಲ್ದಾಣದಲ್ಲಿ ಸೊರಬದವರೆಗೆ ಹೋಗುವ ಬಸ್ಸಿಗೆ ಕಾಯುತ್ತ ನಿಂತಿರುತ್ತಾಳೆ, ಕೈ ಬೀಸುತ್ತಾಳೆ. ನಾನೂ ಕೈ ಬೀಸಿ, ಆಮೇಲೆ ಅಂಗಳ ನೋಡುತ್ತೇನೆ. ತಿಂಗಳಿಗೊಮ್ಮೆ ಎಳೆ ಬದಲಾಗಿರುತ್ತದೆ. ಬೀಗ ಬದಲಾಯಿತು ಎಂದುಕೊಳ್ಳುತ್ತೇನೆ. ಇವತ್ತು ಬೆಳಿಗ್ಗೆಯೂ ಬದಲಾಗಿತ್ತು. ಯಾವ ಚುಕ್ಕಿಯಿಂದ ಹೊರಟು ಯಾವ ಚುಕ್ಕಿಗೆ ಹೋಗಿದೆಯೆಂದು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ.